ಹಿತ್ತಲಲ್ಲಿ ಸೌದೆ ಫರ್ನೇಸ್ ಇರುವ ಮನೆ ತಗೋಬಹುದಾ?

ನಿಮ್ಮ ಪ್ರಶ್ನೆ ನೋಡಿದೆ. ಅಮೆರಿಕದ ಉತ್ತರ ಮಿನ್ನೆಸೋಟದಲ್ಲಿ, ಪೇಟೆಯಿಂದ ಆಚೆ, ನಾಲ್ಕೈದು ಎಕರೆ ಜಾಗದ ಮನೆ ನೋಡಿದ್ದೀರಿ. ಹಿತ್ತಲಲ್ಲಿ ಚಿಮಣಿ ಇರುವ ತಗಡಿನ ಗೂಡೊಂದು ನಿಂತಿದೆ. ಮಾರುವವರು "ಇದು ಔಟ್‌ಡೋರ್ ವುಡ್ ಫರ್ನೇಸ್, ಸೌದೆ ಪುಕ್ಕಟೆ ಸಿಗುತ್ತದೆ, ಚಳಿಗಾಲಕ್ಕೆ ಖರ್ಚೇ ಇಲ್ಲ" ಅಂದಿದ್ದಾರೆ. ನಂಬಬಹುದಾ, ಇಟ್ಟುಕೊಳ್ಳಬೇಕಾ, ತೆಗೆಸಬೇಕಾ ಅಂತ ಕೇಳಿದ್ದೀರಿ.

ನಾನು ಪಕ್ಕದ ವಿಸ್ಕಾನ್ಸಿನ್‌ನಲ್ಲಿ ಇಂಥದ್ದರಲ್ಲೇ ಮನೆ ಬೆಚ್ಚಗಿಟ್ಟುಕೊಂಡು ಬಹಳ ವರ್ಷ ಆಯಿತು. ನನಗೆ ಇಷ್ಟ. ಆದರೆ ಎಲ್ಲರಿಗೂ ತಗೊಳ್ಳಿ ಅನ್ನುವುದಿಲ್ಲ. ಸೌದೆ ಎಷ್ಟಕ್ಕೆ ಸಿಗುತ್ತದೆ ಅನ್ನೋದು ಆಮೇಲಿನ ಮಾತು. ಜನವರಿಯಲ್ಲಿ ದಿನಕ್ಕೆ ಎರಡು ಹೊತ್ತು ಆ ಬಾಗಿಲು ತೆಗೆದು ಸೌದೆ ಹಾಕೋಕೆ ಮನೆಯಲ್ಲಿ ಯಾರಿರುತ್ತಾರೆ? ಮೊದಲು ಅದನ್ನು ಯೋಚನೆ ಮಾಡಿ.

ಬಚ್ಚಲ ಹಂಡೆ ಒಲೆ ನೋಡಿದ್ದರೆ ಈ ಯಂತ್ರ ಅರ್ಧ ಅರ್ಥ ಆದ ಹಾಗೆ. ಬೆಂಕಿ ಉರಿಯುವ ಕಬ್ಬಿಣದ ಗೂಡು, ಅದರ ಸುತ್ತ ನೂರಾರು ಗ್ಯಾಲನ್ ನೀರು. ಆ ನೀರು ಹೆಚ್ಚುಕಮ್ಮಿ 160ರಿಂದ 185 ಡಿಗ್ರಿ ಫ್ಯಾರನ್‌ಹೀಟ್‌ನಲ್ಲಿ, ಅಂದರೆ 70–85 ಸೆಲ್ಸಿಯಸ್‌ನಲ್ಲಿ ಇರುತ್ತದೆ. ಪಂಪ್ ಅದನ್ನು ನೆಲದಡಿಯ ಪೈಪಿನಲ್ಲಿ ಮನೆಗೆ ಕಳಿಸುತ್ತದೆ. ಮನೆಯ ಮಾಮೂಲಿ ಫರ್ನೇಸಿನ ಡಕ್ಟ್‌ನಲ್ಲಿ, ಅಂದರೆ ಬಿಸಿಗಾಳಿ ಹೋಗುವ ಕೊಳವೆಯಲ್ಲಿ, ಒಂದು ರೇಡಿಯೇಟರ್ ಕೂರಿಸಿರುತ್ತಾರೆ, ಬಿಸಿನೀರು ಅದರಲ್ಲಿ ಹರಿಯುವಾಗ ಫ್ಯಾನು ಬಿಸಿಗಾಳಿಯನ್ನು ಕೋಣೆಕೋಣೆಗೂ ಊದುತ್ತದೆ, ತಣ್ಣಗಾದ ನೀರು ವಾಪಸ್ ಗೂಡಿಗೆ ಹೋಗುತ್ತದೆ. ಸ್ನಾನದ ನೀರೂ ಇದರಲ್ಲೇ ಕಾಯುತ್ತದೆ. ಬೆಂಕಿ ಮನೆಯಿಂದ ಹೊರಗೆ, ಬೂದಿ ಹೊರಗೆ, ತೊಗಟೆ ಮತ್ತು ಹುಳಹುಪ್ಪಟೆ ಹೊರಗೆ. ಅದು ನಿಜವಾಗಿಯೂ ಸುಖ. ಗ್ಯಾಸಿನ ಬಿಲ್ಲು ನೋಡಿ ಥರ್ಮೋಸ್ಟಾಟ್ ಇಳಿಸಿ ಮನೆಯೊಳಗೆ ಸ್ವೆಟರ್ ಹಾಕಿಕೊಂಡು ಕೂರುವ ಕೆಲಸ ಇಲ್ಲ.

ಈಗ "ಪುಕ್ಕಟೆ" ಅನ್ನುವ ಮಾತಿಗೆ ಬರೋಣ. ಇಲ್ಲಿ ಸೌದೆ ಮಾರುವುದು ಕಾರ್ಡ್ ಲೆಕ್ಕದಲ್ಲಿ. ನಾಲ್ಕಡಿ ಅಗಲ, ನಾಲ್ಕಡಿ ಎತ್ತರ, ಎಂಟಡಿ ಉದ್ದ ಒಟ್ಟಿದರೆ ಒಂದು ಕಾರ್ಡ್, 128 ಘನ ಅಡಿ. "ಫೇಸ್ ಕಾರ್ಡ್" ಅಂದರೆ ಸಾಮಾನ್ಯವಾಗಿ ಅದರ ಮೂರನೇ ಒಂದು ಪಾಲು ಅಷ್ಟೇ. ಹೊಸಬರಿಗೆ ಇದು ಗೊತ್ತಿರುವುದಿಲ್ಲ, ಬೆಲೆ ಕೇಳಿ ಅಗ್ಗ ಅಂದುಕೊಳ್ಳುತ್ತಾರೆ. ಹಳೇ ಮಾದರಿಯ ಫರ್ನೇಸ್ ಆದರೆ ನಿಮ್ಮ ಕಡೆಯ ಚಳಿಗೆ ಒಂದು ಚಳಿಗಾಲಕ್ಕೆ 10 ಕಾರ್ಡ್ ದಾಟುವುದು ದೊಡ್ಡ ಮಾತಲ್ಲ. ಒಣಗಿದ ಓಕ್ ಒಂದು ಕಾರ್ಡ್ ಒಂದೂವರೆ ಟನ್ನಿಗಿಂತ ಜಾಸ್ತಿ ತೂಗುತ್ತದೆ. ಅಷ್ಟನ್ನೂ ಕತ್ತರಿಸಬೇಕು, ಸೀಳಬೇಕು, ಒಟ್ಟಬೇಕು, ಮತ್ತೆ ಹೊತ್ತು ತಂದು ಹಾಕಬೇಕು. ಮರ ಪುಕ್ಕಟೆ ಇರಬಹುದು, ಬೆನ್ನು ಪುಕ್ಕಟೆ ಅಲ್ಲ. ಚೈನ್‌ಸಾ, ಸೌದೆ ಸೀಳುವ ಸ್ಪ್ಲಿಟರ್, ಟ್ರೇಲರ್, ಪಿಕಪ್, ಇವನ್ನೆಲ್ಲ ಮಾರುವವರು ಲೆಕ್ಕಕ್ಕೇ ಹಿಡಿಯುವುದಿಲ್ಲ, ಯಾಕೆಂದರೆ ಅವರ ಹತ್ತಿರ ಅವೆಲ್ಲ ಮೊದಲೇ ಇವೆ.

ಕೊಂಡು ಹಾಕುವುದಾದರೆ ಲೆಕ್ಕ ಹೀಗೆ ಮಾಡಿ. ಒಣ ಓಕ್ ಒಂದು ಕಾರ್ಡಿನಲ್ಲಿ ಸುಮಾರು 240 ಲಕ್ಷ ಬಿಟಿಯು ಶಾಖ ಇರುತ್ತದೆ (ಬಿಟಿಯು ಅಂದರೆ ಇಲ್ಲಿ ಶಾಖ ಅಳೆಯುವ ಮಾನ). ಹಳೇ ಫರ್ನೇಸಿನಲ್ಲಿ ಅದರ ಅರ್ಧ ಮನೆಗೆ ಬಂದರೆ ಪುಣ್ಯ. ಹಳ್ಳಿ ಕಡೆ ಮನೆ ಕಾಯಿಸೋಕೆ ಟ್ಯಾಂಕಿಗೆ ತುಂಬಿಸಿಕೊಳ್ಳುವ ಗ್ಯಾಸ್ ಪ್ರೊಪೇನ್, ಅದರ ಒಂದು ಗ್ಯಾಲನ್‌ನಲ್ಲಿ ಇರುವುದು ಸುಮಾರು 91,500 ಬಿಟಿಯು. ಅಲ್ಲಿಗೆ ಒಂದು ಕಾರ್ಡ್ ಓಕ್, ಒಳ್ಳೆಯ ಗ್ಯಾಸ್ ಫರ್ನೇಸಿನ 135–140 ಗ್ಯಾಲನ್ ಪ್ರೊಪೇನ್‌ಗೆ ಸಮ. ನಿಮ್ಮ ಕಡೆ ಪ್ರೊಪೇನ್ ಎಷ್ಟಿದೆ ಕೇಳಿ, ಗುಣಿಸಿ, ಕಾರ್ಡಿನ ಬೆಲೆ ಪಕ್ಕದಲ್ಲಿ ಇಡಿ. ಪ್ರೊಪೇನ್ ಅಗ್ಗ ಇರುವ ವರ್ಷ ಸೌದೆ ಕೊಂಡು ಹಾಕಿದರೆ ಉಳಿತಾಯ ಅನ್ನುವುದು ಏನೂ ಉಳಿಯುವುದಿಲ್ಲ. ಹಾಗಂತ 2014ರ ಜನವರಿ ಥರದ ಚಳಿಗಾಲವೂ ಬರುತ್ತದೆ. ಆಗ ಈ ಮಿಡ್‌ವೆಸ್ಟ್ ಕಡೆ ಪ್ರೊಪೇನ್ ಅಭಾವ ಆಗಿ ಬೆಲೆ ಗ್ಯಾಲನ್ನಿಗೆ 4 ಡಾಲರ್ ದಾಟಿತ್ತು. ಅಂಥ ಹೊತ್ತಲ್ಲಿ ಹಿತ್ತಲಲ್ಲಿ ಒಣ ಸೌದೆ ಇದ್ದವರು ನೆಮ್ಮದಿಯಾಗಿದ್ದರು.

ಒಣ ಸೌದೆ. ಇದೇ ಮುಖ್ಯ, ಇದರ ಬಗ್ಗೆ ಸ್ವಲ್ಪ ಜಾಸ್ತಿ ಬರೀತೀನಿ. "ಹೊರಗಿನ ಫರ್ನೇಸ್ ಅಲ್ವಾ, ಹಸಿ ಸೌದೆ ಹಾಕಿದರೂ ನಡೆಯುತ್ತದೆ" ಅಂತ ಹೇಳುವವರು ತುಂಬಾ ಜನ ಸಿಗುತ್ತಾರೆ. ಉರಿಯುತ್ತದೆ, ನಿಜ. ಆದರೆ ಸೌದೆಯ ಶಾಖದಲ್ಲಿ ಒಂದು ಪಾಲು ಅದರೊಳಗಿನ ನೀರನ್ನು ಆವಿ ಮಾಡುವುದಕ್ಕೇ ಹೋಗುತ್ತದೆ, ಇನ್ನೊಂದಿಷ್ಟು ಹೊಗೆಯಾಗಿ ಹೋಗಿ ಚಿಮಣಿಯಲ್ಲಿ ಅಂಟಾಗಿ ಕೂರುತ್ತದೆ. ಇವತ್ತು ಸೀಳಿದ ಸೌದೆ ಈ ವರ್ಷದ್ದಲ್ಲ, ಬರುವ ವರ್ಷದ್ದು. ಆಶ್ ಮರ ಒಂದು ಬೇಸಿಗೆಯಲ್ಲಿ ಹೆಚ್ಚುಕಮ್ಮಿ ಒಣಗುತ್ತದೆ, ಓಕ್‌ಗೆ ಎರಡು ವರ್ಷ ಬೇಕು. ತೇವ ಶೇಕಡಾ 20ಕ್ಕಿಂತ ಕಡಿಮೆ ಇರಬೇಕು. ಅಳೆಯುವ ಮೀಟರ್ ಸಣ್ಣದು, ಅಗ್ಗ, ಮೊದಲು ಅದನ್ನು ತಗೊಳ್ಳಿ. ಆದರೆ ಸೌದೆಯ ಹೊರಮೈಗೆ ಚುಚ್ಚಬೇಡಿ. ಹೊರಗೆ 15 ತೋರಿಸಿದ ಅದೇ ತುಂಡನ್ನು ಸೀಳಿ ಒಳಮೈಗೆ ಚುಚ್ಚಿದರೆ 30 ತೋರಿಸಬಹುದು. ಮೀಟರ್ ಇಲ್ಲದಿದ್ದರೆ ಎರಡು ತುಂಡು ತಗೊಂಡು ಒಂದಕ್ಕೊಂದು ಬಡಿಯಿರಿ, ಒಣಗಿದ್ದರೆ ಟಣ್ ಅನ್ನುತ್ತದೆ, ಹಸಿಯಾಗಿದ್ದರೆ ದಬ್ ಅನ್ನುತ್ತದೆ. ಒಟ್ಟಿದ ಸಾಲಿನ ತಲೆಗೆ ಮಾತ್ರ ತಗಡೋ ಟಾರ್ಪಾಲೋ ಹಾಕಿ, ಪಕ್ಕಗಳು ಗಾಳಿಗೆ ಬಿಟ್ಟಿರಲಿ. ಪೂರ್ತಿ ಸುತ್ತಿ ಮುಚ್ಚಿದರೆ ಒಳಗೇ ಬೂಸ್ಟು ಹಿಡಿಯುತ್ತದೆ.

ನಿಮ್ಮ ಕಡೆ ಆಶ್ ಮರ ಬೇಕಾದಷ್ಟು ಸತ್ತು ನಿಂತಿರಬಹುದು. ಎಮರಾಲ್ಡ್ ಆಶ್ ಬೋರರ್ ಅನ್ನುವ ಹಸಿರು ಹುಳ 2002ರಲ್ಲಿ ಡೆಟ್ರಾಯಿಟ್ ಹತ್ತಿರ ಮೊದಲು ಪತ್ತೆಯಾಯಿತು, 2009ಕ್ಕೆ ಮಿನ್ನೆಸೋಟಕ್ಕೂ ಬಂತು. ಆ ಸೌದೆ ಒಳ್ಳೆಯದೇ, ಆದರೆ ದೂರದಿಂದ ಹೇರಿಕೊಂಡು ತರಬೇಡಿ. ಹುಳ ಹರಡುತ್ತದೆ ಅಂತ ಸೌದೆ ಸಾಗಿಸುವುದಕ್ಕೆ ನಿರ್ಬಂಧಗಳಿವೆ. ಹತ್ತಿರದಲ್ಲೇ ನೋಡಿಕೊಳ್ಳಿ.

ಇನ್ನು ಹೊಗೆ. ನೀರು ಬೇಕಾದಷ್ಟು ಬಿಸಿಯಾದ ಮೇಲೆ ಗಾಳಿ ಬರುವ ಕಿಂಡಿ ಮುಚ್ಚಿಕೊಳ್ಳುತ್ತದೆ, ಬೆಂಕಿ ಒಳಗೇ ಹೊಗೆಯಾಡುತ್ತ ಕೂರುತ್ತದೆ. ಹಳೇ ಮಾದರಿಗಳಲ್ಲಿ ತಾಪತ್ರಯ ಶುರುವಾಗುವುದು ಇಲ್ಲೇ. ಚಿಮಣಿ ಗಿಡ್ಡ, ಹೊಗೆ ತಣ್ಣಗೆ, ಗಾಳಿ ಇಲ್ಲದ ಸಂಜೆ ಅದು ಮೇಲೇರದೆ ನೆಲಕ್ಕೆ ಇಳಿದು ಪಕ್ಕದ ಮನೆಯ ಕಿಟಕಿಗೆ ಹೋಗುತ್ತದೆ. ಪಕ್ಕದವರ ಮಗುವಿಗೆ ಆಸ್ತಮಾ ಇದ್ದರೆ ನಿಮ್ಮ ಉಳಿತಾಯ ಅವರಿಗೆ ಶಿಕ್ಷೆ. ಇದಕ್ಕೇ ಇಪಿಎ, ಅಂದರೆ ಕೇಂದ್ರದ ಪರಿಸರ ಸಂರಕ್ಷಣಾ ಸಂಸ್ಥೆ, 2015ರಲ್ಲಿ ಇವಕ್ಕೆ ಹೊಗೆಯ ಮಿತಿ ತಂದಿತು, 2020ರ ಮೇ ತಿಂಗಳಿಂದ ಇನ್ನೂ ಬಿಗಿ ಮಾಡಿತು. ಹೊಸದಾಗಿ ಮಾರುವ ಫರ್ನೇಸುಗಳು ಆ ಮಿತಿಯೊಳಗೆ ಇರಬೇಕು. ಅವು ಹೊಗೆಯನ್ನೇ ಇನ್ನೊಮ್ಮೆ ಸುಡುತ್ತವೆ, ಸೌದೆ ಕಡಿಮೆ ತಿನ್ನುತ್ತವೆ, ಆದರೆ ಒಣ ಸೌದೆ ಇಲ್ಲದಿದ್ದರೆ ಕೆಲಸವೇ ಮಾಡುವುದಿಲ್ಲ. ಹಿತ್ತಲಲ್ಲಿ ಮೊದಲಿಂದ ಇರುವ ಹಳೇದನ್ನು ಕೇಂದ್ರದ ಆ ನಿಯಮ ಮುಟ್ಟುವುದಿಲ್ಲ, ಆದರೆ ಟೌನ್‌ಶಿಪ್ಪಿನದ್ದು, ಅಂದರೆ ಅಲ್ಲಿನ ಸ್ಥಳೀಯ ಆಡಳಿತದ್ದು, ಮುಟ್ಟಬಹುದು. ಜಾಗದ ಗಡಿಯಿಂದ ಇಷ್ಟಡಿ ದೂರ ಇರಬೇಕು, ಚಿಮಣಿ ಇಷ್ಟೆತ್ತರ ಇರಬೇಕು, ಬೇಸಿಗೆಯಲ್ಲಿ ಹಚ್ಚಬಾರದು, ಮನೆ ಕೈ ಬದಲಾದರೆ ಹೊಸ ಪರ್ಮಿಟ್, ಹೀಗೆ ಒಂದೊಂದು ಕಡೆ ಒಂದೊಂದು. ಟೌನ್‌ಶಿಪ್ ಕ್ಲರ್ಕಿಗೆ ಒಂದು ಫೋನ್ ಮಾಡಿ. ಮಾರುವವರ ಬಾಯಿ ಮಾತು ಸಾಲದು.

ಅಂದ ಹಾಗೆ ಕಸ, ಪ್ಲಾಸ್ಟಿಕ್, ಬಣ್ಣ ಬಳಿದ ಹಲಗೆ, ಹಳೇ ಡೆಕ್ಕಿನ (ಮನೆಗೆ ಅಂಟಿದ ಮರದ ಜಗಲಿಯ) ಹಸಿರು ಛಾಯೆಯ ಮರ ಯಾವುದನ್ನೂ ಹಾಕಬೇಡಿ. 2003ರವರೆಗೆ ಮನೆಗಳ ಡೆಕ್‌ಗೆ ಬಳಸಿದ ಆ ಮರದಲ್ಲಿ ಆರ್ಸೆನಿಕ್ ಇರುತ್ತದೆ. ಹಿಂದಿನವರು ಹಾಕುತ್ತಿದ್ದರೋ ಏನೋ, ನೀವು ಬೇಡ.

ಮನೆ ನೋಡೋಕೆ ಮತ್ತೆ ಹೋಗುವುದಾದರೆ ಹಿಮ ಬಿದ್ದಿರುವ, ಫರ್ನೇಸ್ ಉರಿಯುತ್ತಿರುವ ದಿನ ಹೋಗಿ. ಗೂಡಿನಿಂದ ಮನೆಯವರೆಗೆ ಹುಲ್ಲಿನ ಮೇಲಿನ ಹಿಮ ನೋಡಿ. ಒಂದು ಪಟ್ಟಿಯಷ್ಟು ಉದ್ದಕ್ಕೂ ಹಿಮ ಕರಗಿ ಹುಲ್ಲು ಕಾಣುತ್ತಿದ್ದರೆ ನೆಲದಡಿಯ ಪೈಪಿನ ಹೊದಿಕೆ ಸರಿಯಿಲ್ಲ ಅಂತ ಅರ್ಥ, ಅಥವಾ ಅದರೊಳಗೆ ನೀರು ಸೇರಿದೆ. ನೀವು ಸೌದೆ ಸುಟ್ಟು ಅಂಗಳ ಕಾಯಿಸುತ್ತಿರುತ್ತೀರಿ. ಪೈಪ್ ಅಗೆದು ಬದಲಾಯಿಸುವುದು ಸಣ್ಣ ಖರ್ಚಲ್ಲ, ಬೆಲೆ ಮಾತಾಡುವಾಗ ಅದನ್ನು ಎತ್ತಿ. ನೀರಿಗೆ ತುಕ್ಕು ತಡೆಯುವ ಮದ್ದು ಹಾಕಿ ವರ್ಷ ವರ್ಷ ಪರೀಕ್ಷೆ ಮಾಡಿಸಿದ್ದಾರಾ, ಅದಕ್ಕೆ ಚೀಟಿ ಇದೆಯಾ ಅಂತಲೂ ಕೇಳಿ. ಮಾಡಿಸಿಲ್ಲ ಅಂದರೆ ಆ ಕಬ್ಬಿಣಕ್ಕೆ ಎಷ್ಟು ಆಯುಷ್ಯ ಉಳಿದಿದೆಯೋ ದೇವರಿಗೇ ಗೊತ್ತು. ಟಾರ್ಚ್ ಹಿಡಿದು ಗೂಡಿನ ಒಳಮೂಲೆಗಳನ್ನೂ ಬೆಸುಗೆಗಳನ್ನೂ ನೋಡಿ, ತೇವದ ಗೆರೆ ಇದ್ದರೆ ಸೋರಿಕೆ.

ದಿನದ ಕೆಲಸ ಹೇಳುತ್ತೇನೆ. ಬೆಳಿಗ್ಗೆ ಎದ್ದು ಬೂಟು, ಜಾಕೆಟ್, ಚರ್ಮದ ಗ್ಲೌಸ್. ಹೊರಗೆ ಮೈನಸ್ 20 ಫ್ಯಾರನ್‌ಹೀಟ್ ಇರಬಹುದು, ಅಂದರೆ ಮೈನಸ್ 29 ಸೆಲ್ಸಿಯಸ್. ಬಾಗಿಲನ್ನು ಒಮ್ಮೆಲೇ ತೆಗೆಯಬಾರದು. ಮೊದಲು ಬೆಂಕಿಗೆ ಗಾಳಿ ಊದುವ ಫ್ಯಾನ್ ನಿಲ್ಲಬೇಕು. ಆಮೇಲೆ ಒಂದಿಂಚು ತೆಗೆದು, ಮುಖ ಪಕ್ಕಕ್ಕೆ ಇಟ್ಟುಕೊಂಡು ಸ್ವಲ್ಪ ಹೊತ್ತು ನಿಲ್ಲಬೇಕು. ಒಳಗೆ ಕಟ್ಟಿಕೊಂಡ ಹೊಗೆಗೆ ಗಾಳಿ ಸಿಕ್ಕಿದ ತಕ್ಷಣ ಬುಸ್ಸೆಂದು ಉರಿ ಆಚೆ ಬರುತ್ತದೆ, ಹುಬ್ಬು ಸುಟ್ಟುಕೊಂಡವರು ಕಡಿಮೆ ಜನ ಇಲ್ಲ. ಕೆಂಡ ಮುಂದಕ್ಕೆ ಎಳೆದು, ಸೌದೆ ಹಾಕಿ, ನೀರಿನ ಮಟ್ಟ ಮತ್ತು ಬಿಸಿ ನೋಡಿ, ಬಾಗಿಲು ಭದ್ರ ಮಾಡಿ ಬರಬೇಕು. ಸಂಜೆ ಮತ್ತೆ ಇದೇ. ಬೂದಿಯನ್ನು ಮುಚ್ಚಳ ಇರುವ ಕಬ್ಬಿಣದ ಡಬ್ಬಕ್ಕೇ ತುಂಬಿ, ಮನೆಯಿಂದ ದೂರ ಇಡಿ. ಬೂದಿಯೊಳಗೆ ಕೆಂಡ ಎರಡು ಮೂರು ದಿನ ಜೀವ ಹಿಡಿದಿರುತ್ತದೆ.

ಈಗ ನಿಮ್ಮ ಮನೆ ವಿಷಯ. ಯಜಮಾನರಿಗೆ ಆಸ್ಪತ್ರೆಯಲ್ಲಿ 12 ಗಂಟೆಯ ಶಿಫ್ಟು, ನಿಮಗೂ ಕೆಲಸ ಇದೆ, ಮಗು ಚಿಕ್ಕದು ಅಂತ ಬರೆದಿದ್ದೀರಿ. ಡಿಸೆಂಬರ್ ರಜೆಗೆ ಊರಿಗೆ ಹೋಗುವ ಆಸೆಯೂ ಇರುತ್ತದೆ ತಾನೇ? ಆ ಮೂರು ನಾಲ್ಕು ವಾರ ಸೌದೆ ಹಾಕುವವರು ಯಾರು? ಹಾಗಾಗಿ ಪ್ರೊಪೇನ್ ಫರ್ನೇಸ್ ಇಲ್ಲದ ಮನೆಯಾದರೆ ಬಿಟ್ಟುಬಿಡಿ, ಎರಡು ಮಾತಿಲ್ಲ. ಸಾಲ ಕೊಡುವವರೂ ವಿಮೆಯವರೂ ತಾನಾಗಿ ನಡೆಯುವ ಇನ್ನೊಂದು ಹೀಟಿಂಗ್ ಇದೆಯಾ ಅಂತ ಕೇಳುವುದು ಸಾಮಾನ್ಯ. ಪ್ರೊಪೇನ್ ಇದ್ದರೂ ಹುಷಾರು. ಹಿತ್ತಲಿನ ಬೆಂಕಿ ಆರಿದ ಮೇಲೆ ಅಲ್ಲಿನ ನೀರು ಹೆಪ್ಪುಗಟ್ಟಿ ಪೈಪು, ಗೂಡು ಎರಡೂ ಬಿರಿಯಬಹುದು. ಮನೆಯೊಳಗಿನ ಬಿಸಿಯಿಂದ ಆ ನೀರು ಬೆಚ್ಚಗಿರುವಂತೆ ಪಂಪ್ ಓಡುತ್ತಿರಬೇಕು, ಇಲ್ಲವೇ ನೀರು ಹೆಪ್ಪುಗಟ್ಟದಂತೆ ತಡೆಯುವ ಪ್ರೊಪಿಲೀನ್ ಗ್ಲೈಕಾಲ್ ಬೆರೆಸಿರಬೇಕು. ಕರೆಂಟ್ ಹೋದರೆ ಪಂಪ್ ನಿಲ್ಲುತ್ತದೆ, ಸೌದೆ ಎಷ್ಟಿದ್ದರೂ ಮನೆಗೆ ಬಿಸಿ ಬರುವುದಿಲ್ಲ. ಸಣ್ಣ ಜನರೇಟರ್ ಸಾಕು, ಆದರೆ ಅದು ಬೇಕೇ ಬೇಕು.

ಮನೆ ಹಿಡಿಸಿದ್ದರೆ, ಪ್ರೊಪೇನ್ ವ್ಯವಸ್ಥೆ ಗಟ್ಟಿಯಾಗಿದ್ದರೆ, ನಾನಾಗಿದ್ದರೆ ಮೊದಲ ಚಳಿಗಾಲ ಆ ಫರ್ನೇಸ್ ಹಚ್ಚುತ್ತಲೇ ಇರಲಿಲ್ಲ. ನೀರು ಖಾಲಿ ಮಾಡಿಸಿ ಸುಮ್ನೆ ಬಿಟ್ಟು, ಬೇಸಿಗೆಯಲ್ಲೇ ಚಳಿಗಾಲದ ಪ್ರೊಪೇನ್‌ಗೆ ರೇಟ್ ನಿಗದಿ ಮಾಡಿಸಿಕೊಂಡು, ಆ ವರ್ಷ ಬರೀ ಸೌದೆ ಸೀಳಿ ಒಟ್ಟುತ್ತಿದ್ದೆ. ನಿಮ್ಮಿಬ್ಬರಿಗೂ ಆ ಕೆಲಸ ಒಗ್ಗುತ್ತದೋ ಇಲ್ಲವೋ ಅಷ್ಟರಲ್ಲೇ ಗೊತ್ತಾಗುತ್ತದೆ. ಒಗ್ಗದಿದ್ದರೆ ಒಣ ಸೌದೆಗೆ ಗಿರಾಕಿ ಇದ್ದೇ ಇರುತ್ತಾರೆ. ಫರ್ನೇಸ್ ಯಾವ ವರ್ಷದ್ದು, ಇಪಿಎ ಲೇಬಲ್ ಇದೆಯಾ ಅಂತ ನೋಡಿ ತಿಳಿಸಿ, ಬಾಗಿಲ ಹತ್ತಿರವೋ ಹಿಂಬದಿಯಲ್ಲೋ ಅಂಟಿಸಿರುತ್ತಾರೆ. ಅದು ಗೊತ್ತಾದರೆ ಇಟ್ಟುಕೊಳ್ಳೋಕೆ ಯೋಗ್ಯವಾ, ಗುಜರಿಗೆ ಹಾಕಬೇಕಾ ಅಂತ ಹೇಳುತ್ತೇನೆ.