ಓಟ ಮುಗಿದ ಮೇಲೆ ರಸ್ತೆ ಗುಡಿಸುವವರು ಯಾರು?

ಪ್ರಶ್ನೆ: ಸರ್, ನಾವು ಕೆಲವು ಗೆಳತಿಯರು ಸೇರಿ ಡಿಸೆಂಬರ್‌ನಲ್ಲಿ ವಿಜಯಪುರದಲ್ಲಿ 21 ಕಿ.ಮೀ. ಓಟ ನಡೆಸಬೇಕು ಅಂತಿದ್ದೇವೆ. ಗೋಳಗುಮ್ಮಟದ ಹತ್ತಿರ ಶುರು. ಸಾವಿರ ಜನ ಬರಬಹುದು. ಕಸ ಆಗಬಾರದು, ಊರಿನವರಿಗೆ ತೊಂದರೆಯೂ ಆಗಬಾರದು. ಓಡಿದವರಿಂದ ಒಂದೊಂದು ಸಸಿ ನೆಡಿಸಿದರೆ ಸಾಕಲ್ವಾ?
— ಓದುಗರೊಬ್ಬರು, ವಿಜಯಪುರ

ಉತ್ತರ: ಸಾಕಾಗುವುದಿಲ್ಲ, ತಂಗೀ. ಡಿಸೆಂಬರ್‌ನಲ್ಲಿ ನೆಟ್ಟ ಸಸಿಗೆ ನಮ್ಮ ಕಡೆ ಮೇ ತನಕ ಯಾರಾದರೂ ನೀರು ಹೊರಬೇಕು. ನೆಡುವುದಿದ್ದರೆ ಮುಂಗಾರಿನಲ್ಲಿ ನೆಡಿ. ಈಗ ದಾರಿಯಲ್ಲಿ ಓಟಗಾರರಿಗೆ ನೀರು ಕೊಡುವ ಟೇಬಲ್ ಬಗ್ಗೆ ಯೋಚಿಸಿ.

ನಾನು ಪಿ.ಟಿ. ಮಾಸ್ತರ್ ಆಗಿದ್ದವನು. ಓಟದ ದಿನ ನನ್ನ ಜಾಗ ಯಾವಾಗಲೂ ಆ ಟೇಬಲ್ ಹಿಂದೆ. ಓಡುವವರು ಎರಡು ಗುಟುಕು ಕುಡಿದು ಕಪ್ ಎಸೆದು ಹೋಗುತ್ತಾರೆ. 3 ಕಿ.ಮೀ.ಗೆ ಒಂದರಂತೆ ಆರು ಟೇಬಲ್ ಇಟ್ಟರೆ, ಸಾವಿರ ಜನರಿಗೆ 6,000 ಕಪ್ ರಸ್ತೆಗೆ ಬಿತ್ತು. ಪ್ಲಾಸ್ಟಿಕ್ ಕಪ್ಪಿಗೆ 2022ರ ಜುಲೈ 1ರಿಂದ ದೇಶದಲ್ಲೇ ನಿಷೇಧ ಇದೆ. ಪೇಪರ್ ಕಪ್ ಆದರೆ ಪರವಾಗಿಲ್ಲ ಅಂದುಕೊಳ್ಳಬೇಡಿ. ನೀರು ಸೋರದಿರಲಿ ಅಂತ ಸಾಮಾನ್ಯವಾಗಿ ಅದರ ಒಳಗೂ ಪ್ಲಾಸ್ಟಿಕ್ ಪದರ ಇರುತ್ತದೆ.

ಹೆಸರು ಬರೆಸಿಕೊಳ್ಳುವಾಗಲೇ ಹೇಳಿಬಿಡಿ, ಲೋಟ ನೀವೇ ತನ್ನಿ ಅಂತ. ಯುರೋಪಿನ ಆಲ್ಪ್ಸ್ ಬೆಟ್ಟಗಳಲ್ಲಿ ನಡೆಯುವ ಯುಟಿಎಂಬಿ ಓಟ ಸುಮಾರು 170 ಕಿ.ಮೀ. ಅಲ್ಲೂ ಓಟಗಾರರು ತಮ್ಮ ಕಪ್ ತಾವೇ ಹೊತ್ತು ಓಡುತ್ತಾರೆ. ನೀವು ನಲ್ಲಿ ಇರುವ ಕ್ಯಾನ್ ಇಡಿ, ಸಾಕು. ಓಟ ಮುಗಿಯುವ ಕಡೆ ಮದುವೆಗೆ ಬಾಡಿಗೆ ಕೊಡುವವರಿಂದ ಸ್ಟೀಲ್ ಲೋಟ, ತಾಟು ತನ್ನಿ. ಬಾಟಲಿ ಪಾನೀಯ ಯಾಕೆ? ಜಿಐ ಮಾನ್ಯತೆ, ಅಂದರೆ ಆ ಊರಿನದೇ ವಿಶೇಷ ಬೆಳೆ ಎಂಬ ಸರ್ಕಾರಿ ಗುರುತು, ಪಡೆದ ಇಂಡಿ ನಿಂಬೆ ಪಕ್ಕದಲ್ಲೇ ಇದೆ. ಲೀಟರ್ ನೀರಿಗೆ ಆರು ಸಣ್ಣ ಚಮಚ ಸಕ್ಕರೆ, ಅದೇ ಚಮಚದಲ್ಲಿ ಅರ್ಧ ಉಪ್ಪು ಹಾಕಿ, ನಿಂಬೆ ಹಿಂಡಿ. ಅದನ್ನೂ ಶೇಂಗಾ ಚಿಕ್ಕಿಯನ್ನೂ ಯಾವುದಾದರೂ ಸ್ತ್ರೀಶಕ್ತಿ ಸಂಘಕ್ಕೆ ದುಡ್ಡು ಕೊಟ್ಟು ಮಾಡಿಸಿ.

ಇನ್ನು ಗುಡಿಸುವವರ ಮಾತು. ನನಗೆ ಬಹಳ ಬೇಸರ ತರಿಸುವ ವಿಷಯ ಇದು. ಎಲ್ಲರೂ ಪದಕ ಹಾಕಿಕೊಂಡು ಫೋಟೊ ತೆಗೆಸಿಕೊಳ್ಳುವಾಗ ಪೌರಕಾರ್ಮಿಕ ತಾಯಂದಿರು ಬಾಗಿ ಕಸ ಆರಿಸುತ್ತಿರುತ್ತಾರೆ. ಅದೂ ಭಾನುವಾರ, ಅದೂ ಸುಮ್ನೆ ಮೇಲಿನಿಂದ ಬಂದ ಆದೇಶಕ್ಕೆ. ಪ್ರವೇಶ ಶುಲ್ಕ ಲೆಕ್ಕ ಹಾಕುವಾಗ ಮೊದಲ ಸಾಲಿನಲ್ಲಿ ಅವರ ಕೂಲಿ ಬರೆಯಿರಿ. ಕೈಗವಸು ಕೊಡಿ. ಓಟಗಾರರಿಗೆ ಕೊಡುವ ನಾಷ್ಟಾವನ್ನೇ ಅವರಿಗೂ ಕೊಡಿ, ಉಳಿದದ್ದನ್ನಲ್ಲ. ದುಡ್ಡು ಸಾಲದಿದ್ದರೆ ಟೀ ಶರ್ಟ್ ಬಿಡಿ. ಬಹುತೇಕ ಪಾಲಿಯೆಸ್ಟರ್ ಅವು, ಒಗೆದಾಗೆಲ್ಲ ಪ್ಲಾಸ್ಟಿಕ್ ಎಳೆ ಬಿಡುತ್ತವೆ.

ಬೆಳಗಿನ ಆರಕ್ಕೆ ಮೊದಲು ಮೈಕ್ ಬೇಡ. ರಾತ್ರಿ ಹತ್ತರಿಂದ ಬೆಳಗಿನ ಆರರವರೆಗೆ ಧ್ವನಿವರ್ಧಕ ಹಾಕಬಾರದು ಅಂತ ನಿಯಮವೇ ಇದೆ. ಗುಮ್ಮಟದ ಮುಂದೆ ನಿಲ್ಲುವ ಟಾಂಗಾದವರನ್ನು ವಾರ ಮೊದಲೇ ಕಂಡು ಮಾತಾಡಿ. ಅವತ್ತಿನ ಬೆಳಗಿನ ದುಡಿಮೆ ತಪ್ಪುವುದಾದರೆ ಅದನ್ನು ಕಟ್ಟಿಕೊಡಿ. ಆಸ್ಪತ್ರೆಗೆ ಹೋಗುವ ಒಂದು ದಾರಿ ತೆರೆದಿರಲೇಬೇಕು. ಹೆಣ್ಣುಮಕ್ಕಳಿಗೆ ಶೌಚಾಲಯ ದಾರಿಯಲ್ಲೂ ಇರಲಿ, ಶುರುವಿನಲ್ಲಿ ಮಾತ್ರ ಸಾಲದು.

ಮಾರ್ಗದ ನಕ್ಷೆ ಸಿದ್ಧವಾದ ಮೇಲೆ ನನಗೊಂದು ಪ್ರತಿ ಕಳಿಸಿ, ತಂಗೀ. ಕ್ಯಾನ್ ಎಲ್ಲೆಲ್ಲಿ ಇಡಬೇಕು ಅಂತ ಗುರುತು ಹಾಕಿ ಕೊಡುತ್ತೇನೆ.