ಚಿತ್ರದ ಚೌಕಟ್ಟಿನ ನಾಲ್ಕನೆಯ ಮೂಲೆ ಏಕೆ ಬಾಯಿ ಬಿಡುತ್ತದೆ?

ಮೈಸೂರು ಶೈಲಿಯ 12 × 16 ಅಂಗುಲದ ಗಜಲಕ್ಷ್ಮಿ ಚಿತ್ರಕ್ಕೆ ಮನೆಯಲ್ಲೇ ಮರದ ಕಟ್ಟು ಹಾಕಬೇಕೆಂದಿದ್ದೀರಿ. ದೊಡ್ಡ ಯಂತ್ರಗಳಿಲ್ಲದೆ ಅದು ಸಾಧ್ಯವೇ, ಯಾವ ಮರ ಆರಿಸಬೇಕು, ಅಭ್ಯಾಸಕ್ಕೆಂದು ಮಾಡಿದ ಚೌಕಟ್ಟಿನಲ್ಲಿ ಮೂರು ಮೂಲೆಗಳು ಕೂಡಿಕೊಂಡು ನಾಲ್ಕನೆಯದು ಮಾತ್ರ ಬಾಯಿ ಬಿಟ್ಟದ್ದೇಕೆ ಎಂದು ಕೇಳಿದ್ದೀರಿ. ಮನೆಯ ಹಿಂದಿನ ಶೆಡ್ಡಿನಲ್ಲಿ ಬಿಡುವಿನ ವೇಳೆಯಲ್ಲಿ ಇದೇ ಕೆಲಸ ಮಾಡುವವನಾದ್ದರಿಂದ ಉತ್ತರಿಸುತ್ತಿದ್ದೇನೆ. ಕೊನೆಯ ಪ್ರಶ್ನೆಯಿಂದಲೇ ಆರಂಭಿಸುವುದು ಒಳ್ಳೆಯದು, ಏಕೆಂದರೆ ಅದಕ್ಕೆ ಉತ್ತರ ಸಿಕ್ಕರೆ ಯಾವ ಉಪಕರಣ ಬೇಕು, ಯಾವುದು ಬೇಡ ಎಂಬುದೂ ತಿಳಿಯುತ್ತದೆ.

ಒಂದು ಚೌಕಟ್ಟಿನಲ್ಲಿ ಎಂಟು ಓರೆ ಕೊಯ್ತಗಳಿರುತ್ತವೆ. ನಿಮ್ಮ ಗರಗಸ 45 ಡಿಗ್ರಿಯ ಬದಲು ಪ್ರತಿ ಸಲವೂ ಅರ್ಧ ಡಿಗ್ರಿ ತಪ್ಪಿದರೆ ಒಂದೊಂದು ಮೂಲೆಯಲ್ಲೂ ಒಂದು ಡಿಗ್ರಿ ವ್ಯತ್ಯಾಸ ಬರುತ್ತದೆ. ಅಂಟು ಹಾಕುವಾಗ ನಾವು ಮೊದಲ ಮೂರು ಮೂಲೆಗಳನ್ನು ಒತ್ತಿ ಬಿಗಿಯಾಗಿ ಕೂಡಿಸಿಬಿಡುತ್ತೇವೆ. ಹಾಗಾಗಿ ಒಟ್ಟು ನಾಲ್ಕು ಡಿಗ್ರಿಯ ತಪ್ಪೂ ನಾಲ್ಕನೆಯ ಮೂಲೆಗೆ ಬಂದು ಸೇರುತ್ತದೆ. ರೀಪಿನ ಅಗಲ 30 ಮಿ.ಮೀ. ಆಗಿದ್ದರೆ ಅಲ್ಲಿ ಸುಮಾರು 3 ಮಿ.ಮೀ. ಸಂದು ಕಾಣಿಸುತ್ತದೆ. ಅಂದರೆ ಕೆಟ್ಟದ್ದು ನಾಲ್ಕನೆಯ ಮೂಲೆಯಲ್ಲ, ನಾಲ್ಕೂ ಸಮನಾಗಿ ಕೆಟ್ಟಿವೆ. ಇದರ ಜೊತೆಗೆ ಇನ್ನೊಂದು ಕಾರಣವೂ ಇದ್ದಿರಬಹುದು: ಎದುರುಬದುರಿನ ರೀಪುಗಳ ಉದ್ದದಲ್ಲಿ ಒಂದು ಮಿ.ಮೀ. ವ್ಯತ್ಯಾಸವಿದ್ದರೂ, ಕೋನಗಳೆಲ್ಲ ನಿಖರವಾಗಿದ್ದಾಗಲೂ, ಚೌಕಟ್ಟು ಕೂಡುವುದಿಲ್ಲ. ಹೊಸಬರು ಕೋನದ ಬಗ್ಗೆ ಚಿಂತಿಸುವಷ್ಟು ಉದ್ದದ ಬಗ್ಗೆ ಚಿಂತಿಸುವುದಿಲ್ಲ. ನನ್ನ ಅಭಿಪ್ರಾಯದಲ್ಲಿ ಉದ್ದವೇ ಹೆಚ್ಚು ಮುಖ್ಯ.

ಇದಕ್ಕೆ ಪರಿಹಾರ ಓರೆ ಕೊಯ್ಯಲೆಂದೇ ಇರುವ ದುಬಾರಿ ಮೈಟರ್ ಗರಗಸವಲ್ಲ. ನೂರಾರು ರೂಪಾಯಿಗೆ ಸಿಗುವ, ಗರಗಸವನ್ನು ಓರೆಯಾಗಿ ನಡೆಸುವ ಸೀಳುಗಳಿರುವ ಮೈಟರ್ ಪೆಟ್ಟಿಗೆಯಲ್ಲಿ ಕೈಗರಗಸದಿಂದ ಅಳತೆಗಿಂತ ಒಂದು ಮಿ.ಮೀ. ಹೆಚ್ಚಾಗಿ ಕೊಯ್ದುಕೊಂಡು, ಉಳಿದದ್ದನ್ನು ಉಜ್ಜುಗೊರಡಿನಿಂದ, ಅಂದರೆ ನಮ್ಮ ಬಡಗಿಗಳ ಹತ್ತರಿಯಿಂದ, ತೆಗೆಯುವುದು ಸರಿಯಾದ ದಾರಿ. ಅದಕ್ಕೆ ಶೂಟಿಂಗ್ ಬೋರ್ಡ್ ಎಂಬ ಸರಳ ಸಾಧನವನ್ನು ನೀವೇ ಮಾಡಿಕೊಳ್ಳಬೇಕು. ಸಮತಟ್ಟಾದ 18 ಮಿ.ಮೀ. ಪ್ಲೈವುಡ್ ಹಲಗೆಯೊಂದರ ಮೇಲೆ ಅದಕ್ಕಿಂತ ಕಡಿಮೆ ಅಗಲದ ಇನ್ನೊಂದು ಹಲಗೆಯನ್ನು ಅಂಟಿಸಿದರೆ, ಪಕ್ಕದಲ್ಲಿ ಉಳಿಯುವ ದಾರಿಯಲ್ಲಿ ಹತ್ತರಿಯನ್ನು ಮಗ್ಗುಲಾಗಿ ಮಲಗಿಸಿ ಓಡಿಸಬಹುದು. ಮೇಲಿನ ಹಲಗೆಯ ನಡುವೆ ಒಂದು ತ್ರಿಕೋನಾಕಾರದ ತಡೆಯನ್ನು, ಅದರ ಲಂಬಕೋನದ ತುದಿ ಹತ್ತರಿಯ ದಾರಿಯ ಅಂಚಿಗೆ ಬರುವಂತೆ, ತಿರುಪುಗಳಿಂದ ಬಿಗಿಯಬೇಕು. ರೀಪಿನ ಹೊರ ಅಂಚನ್ನು ಆ ತಡೆಗೆ ಒತ್ತಿ ಹಿಡಿದು ತುದಿಯನ್ನು ಕೀಸಿದರೆ ಕಾಗದದಷ್ಟು ತೆಳುವಾದ ಸಿಪ್ಪೆಗಳು ಏಳುತ್ತವೆ, ಮುಖ ನುಣುಪಾಗುತ್ತದೆ, ಅಂಟು ಹಿಡಿಯಲು ಅದಕ್ಕಿಂತ ಒಳ್ಳೆಯ ಮೇಲ್ಮೈ ಇಲ್ಲ.

ಈ ತಡೆಯಲ್ಲಿ ಅಡಗಿರುವ ಒಂದು ಉಪಾಯವನ್ನು ಬಿಡಿಸಿ ಹೇಳಬೇಕು. ಪ್ರತಿ ಮೂಲೆಯಲ್ಲಿ ಕೂಡುವ ಎರಡು ತುದಿಗಳಲ್ಲಿ ಒಂದನ್ನು ತ್ರಿಕೋನದ ಎಡ ಬದಿಯಲ್ಲಿಯೂ ಇನ್ನೊಂದನ್ನು ಬಲ ಬದಿಯಲ್ಲಿಯೂ ಕೀಸುವುದರಿಂದ, ತಡೆಯನ್ನು ಬಿಗಿಯುವಾಗ ಅದು ಸ್ವಲ್ಪ ವಾಲಿ ಒಂದು ಬದಿ 44.5, ಮತ್ತೊಂದು ಬದಿ 45.5 ಡಿಗ್ರಿ ಆಗಿದ್ದರೂ ಎರಡೂ ಸೇರಿ 90 ಆಗಿಯೇ ತೀರುತ್ತದೆ. ಅರ್ಧ ಡಿಗ್ರಿಯ ವಾಲಿಕೆ ಕಣ್ಣಿಗೆ ಕಾಣುವುದಿಲ್ಲ, ಸಂದು ಮಾತ್ರ ಕಾಣುತ್ತದೆ. ಆದ್ದರಿಂದ 45 ಡಿಗ್ರಿಯನ್ನು ಹುಡುಕುವ ಬದಲು ತ್ರಿಕೋನದ ತುದಿ ನಿಖರವಾಗಿ ಲಂಬಕೋನವಾಗಿದೆಯೇ ಎಂದು ನಂಬಿಕಸ್ಥ ಮೂಲೆಮಟ್ಟವೊಂದನ್ನಿಟ್ಟು ಪರೀಕ್ಷಿಸಿ. ಒಂದು ಬದಿಯಲ್ಲಿ ಹತ್ತರಿ ರೀಪನ್ನು ತಡೆಯ ಕಡೆಗೆ ಒತ್ತಿದರೆ ಇನ್ನೊಂದು ಬದಿಯಲ್ಲಿ ಅದನ್ನು ತಡೆಯಿಂದ ದೂರ ತಳ್ಳುತ್ತದೆ. ಅಲ್ಲಿ ಹಲಗೆಯನ್ನೇ ತಿರುಗಿಸಿಟ್ಟು ಎದುರು ದಿಕ್ಕಿನಿಂದ ಕೀಸಬೇಕು. ಹತ್ತರಿಯ ಅಲಗು ಮೊಂಡಾಗಿದ್ದರೆ ಇದಾವುದೂ ಕೆಲಸ ಮಾಡುವುದಿಲ್ಲ.

ಇನ್ನು ಮರದ ವಿಷಯ. ಬಾಯಿ ಬಿಡುವ ಮೂಲೆಗಳಲ್ಲಿ ಅರ್ಧದಷ್ಟಾದರೂ ಕೊಯ್ಯುವ ತಪ್ಪಿನಿಂದಲ್ಲ, ಹಸಿ ಮರದಿಂದ ಆಗುತ್ತವೆ ಎಂಬುದು ನನ್ನ ಅಂದಾಜು. ಮರ ಒಣಗಿದಾಗ ಉದ್ದದಲ್ಲಿ ಕುಗ್ಗುವುದು ನಗಣ್ಯ, ಅಗಲದಲ್ಲಿ ಕುಗ್ಗುವುದು ಮಾತ್ರ ಗಣನೀಯ. ಉದ್ದ ಹಾಗೆಯೇ ಇದ್ದು ಅಗಲ ಕಡಿಮೆಯಾದಾಗ ಓರೆಯ ಕೋನ ಬದಲಾಗುತ್ತದೆ, 30 ಮಿ.ಮೀ. ರೀಪು 0.6 ಮಿ.ಮೀ. ಕುಗ್ಗಿದರೆ ಆ ಮೂಲೆಯಲ್ಲಿ ಒಂದು ಡಿಗ್ರಿಗಿಂತ ಹೆಚ್ಚಿನ ಸಂದು ಬಿಡುತ್ತದೆ. ಅದು ಒಳಗಿನ ಮೂಲೆಯ ಕಡೆ ತೆರೆದುಕೊಂಡಿದ್ದರೆ ಮರ ಕುಗ್ಗಿದೆ ಎಂದೂ, ಹೊರಗಿನ ತುದಿಯ ಕಡೆ ತೆರೆದುಕೊಂಡಿದ್ದರೆ ಮರ ತೇವ ಹೀರಿ ಉಬ್ಬಿದೆ ಎಂದೂ ತಿಳಿಯಬಹುದು. ಜುಲೈ ತಿಂಗಳಲ್ಲಿ ಮಲೆನಾಡಿನಲ್ಲಿಯೋ ಕರಾವಳಿಯಲ್ಲಿಯೋ ಕೂಡಿಸಿದ ಚೌಕಟ್ಟನ್ನು ಕಲಬುರಗಿಯ ಬೇಸಿಗೆಗೆ ಒಯ್ದರೆ ಮೊದಲನೆಯದನ್ನು ನೋಡಬಹುದು. ಅಗಲವಾದ ರೀಪಿನಲ್ಲಿ ಈ ಚಲನೆ ಅಷ್ಟೇ ಪ್ರಮಾಣದಲ್ಲಿ ಹೆಚ್ಚುವುದರಿಂದ ಮೊದಲ ಚೌಕಟ್ಟಿಗೆ 30 ಮಿ.ಮೀ. ಮೀರದಿರುವುದು ಲೇಸು.

ಹಾಗಾದರೆ ಒಣಗಿದ ಮರ ಎಲ್ಲಿ ಸಿಗುತ್ತದೆ? ಕೆಡವಿದ ಹಳೆಯ ಮನೆಗಳ ಬಾಗಿಲು, ಕಿಟಕಿಗಳನ್ನು ಮಾರುವ ಹಳೇ ಮರದ ಅಂಗಡಿಗಳು ನಮ್ಮ ಬಹುತೇಕ ಊರುಗಳಲ್ಲಿವೆ. ಅಲ್ಲಿನ ತೇಗದ ಕಿಟಕಿ ದಾರಂದ ದಶಕಗಳ ಕಾಲ ಒಣಗಿರುತ್ತದೆ, ಹೊಸ ತೇಗಕ್ಕಿಂತ ಅಗ್ಗವಾಗಿಯೂ ಇರುತ್ತದೆ. ಕೊಯ್ಯುವ ಮೊದಲು ಒಂದು ಬಲವಾದ ಆಯಸ್ಕಾಂತವನ್ನು ಮೇಲೆಲ್ಲ ಆಡಿಸಿ ಒಳಗೆ ಮುರಿದು ಉಳಿದ ಮೊಳೆಗಳನ್ನು ಪತ್ತೆ ಹಚ್ಚಬೇಕು. ಒಂದು ಮೊಳೆ ಸಾಕು, ಗರಗಸದ ಹಲ್ಲುಗಳ ಕಥೆ ಮುಗಿಯುತ್ತದೆ. ತೇಗದಲ್ಲಿ ಸಹಜ ಎಣ್ಣೆಯಂಶ ಇರುವುದರಿಂದ ಅಂಟು ಹಚ್ಚುವ ಸ್ವಲ್ಪ ಮೊದಲು ತುದಿಗಳನ್ನು ಅಸಿಟೋನಿನಲ್ಲಿ ಅದ್ದಿದ ಬಟ್ಟೆಯಿಂದ ಒರೆಸಿಕೊಳ್ಳಬೇಕು. ಹಲಸು ಕೂಡ ಚೆನ್ನಾಗಿ ಹೊಂದುತ್ತದೆ. ಹೊಸದಾಗಿ ಕೀಸಿದಾಗಿನ ಹಳದಿ ಬಣ್ಣ ವರ್ಷಗಳು ಕಳೆದಂತೆ ಜೇನುಗಂದಿಗೆ ತಿರುಗಿ ಚಿತ್ರದ ಚಿನ್ನದ ರೇಕಿಗೆ ಒಪ್ಪುತ್ತದೆ. ಶಿವನಿ ಹಗುರ, ತಿರುಚಿಕೊಳ್ಳುವುದು ಕಡಿಮೆ. ಮತ್ತಿ ಗಟ್ಟಿಯಾದ ಮರವೇ ಹೌದು, ಆದರೆ ಕೈ ಹತ್ತರಿಗೆ ಅದು ಶಿಕ್ಷೆ. ನೀಲಗಿರಿಯ ರೀಪು ತಿರುಚಿಕೊಳ್ಳುತ್ತದೆ, ಬೇಡ. ಅಭ್ಯಾಸಕ್ಕೆ ಪ್ಯಾಕಿಂಗ್ ಪೆಟ್ಟಿಗೆಗಳ ಪೈನ್ ಸಾಕು. ಆಮದಾದ ಪ್ಯಾಲೆಟ್ಟುಗಳ ಮೇಲೆ ಒತ್ತಿರುವ ಮುದ್ರೆಯಲ್ಲಿ ‘ಎಚ್‌ಟಿ’ ಎಂದಿದ್ದರೆ ಮರವನ್ನು ಬಿಸಿಯಿಂದ ಸಂಸ್ಕರಿಸಲಾಗಿದೆ ಎಂದರ್ಥ, ‘ಎಂಬಿ’ ಎಂದಿದ್ದರೆ ಮಿಥೈಲ್ ಬ್ರೋಮೈಡ್ ಎಂಬ ವಿಷಾನಿಲದಿಂದ. ಎರಡನೆಯದನ್ನು ಮನೆಯೊಳಗೆ ತರಬೇಡಿ.

ಗಾಜು ಕೂರುವ ರಿಬೇಟನ್ನು, ಅಂದರೆ ಒಳ ಅಂಚಿನ ಮೆಟ್ಟಿಲನ್ನು, ಕೊರೆಯಲು ರೌಟರ್ ಎಂಬ ಯಂತ್ರ ಬೇಕೇ ಬೇಕು ಎಂದು ನೀವು ಭಾವಿಸಿದ್ದೀರಿ, ಬೇಡ. ಎರಡು ರೀಪುಗಳನ್ನು ಒಂದರ ಮೇಲೊಂದು ಅಂಟಿಸಿದರೆ ರಿಬೇಟು ತಾನಾಗಿ ಹುಟ್ಟುತ್ತದೆ. ಮುಂಭಾಗಕ್ಕೆ 30 ಮಿ.ಮೀ. ಅಗಲ, 8 ಮಿ.ಮೀ. ದಪ್ಪದ ರೀಪು, ಹಿಂಭಾಗಕ್ಕೆ 24 ಮಿ.ಮೀ. ಅಗಲ, 15 ಮಿ.ಮೀ. ದಪ್ಪದ್ದು. ಹೊರ ಅಂಚುಗಳು ಸಮವಾಗುವಂತೆ ಅಂಟಿಸಿದಾಗ ಒಳಗಡೆ 6 ಮಿ.ಮೀ. ಅಗಲದ, 15 ಮಿ.ಮೀ. ಆಳದ ಮೆಟ್ಟಿಲು ಉಳಿಯುತ್ತದೆ. ಇಷ್ಟು ಆಳ ಬೇಕಾಗಿರುವುದು ನಿಮ್ಮ ಚಿತ್ರದ ಸ್ವಭಾವದಿಂದ. ಮೈಸೂರು ಶೈಲಿಯಲ್ಲಿ ಒಡವೆ, ಪ್ರಭಾವಳಿ, ಕಂಬಗಳನ್ನು ಗೆಸ್ಸೋ ಎಂಬ ದಪ್ಪ ಲೇಪದಿಂದ ತುಸು ಉಬ್ಬಿಸಿ ಅದರ ಮೇಲೆ ಚಿನ್ನದ ರೇಕು ಅಂಟಿಸಿರುತ್ತಾರೆ. ಗಾಜು ಆ ಉಬ್ಬಿಗೆ ತಗುಲಿದರೆ ಮಳೆಗಾಲದ ತೇವದಲ್ಲಿ ರೇಕು ಗಾಜಿಗೇ ಹತ್ತಿಕೊಳ್ಳಬಹುದು. ಆದ್ದರಿಂದ ಗಾಜು 2, ಚಿತ್ರದ ಸುತ್ತ ಅಂಚಿನಂತೆ ಕಾಣುವ ಮೌಂಟ್ ಬೋರ್ಡ್ ಎಂಬ ರಟ್ಟು 1.5, ಅದರ ಅಡಿಯಲ್ಲಿ ಕಾಣದಂತೆ ಅಂಟಿಸುವ ಎರಡು ಪದರದ ಬೋರ್ಡ್ ಪಟ್ಟಿಗಳು 3, ಚಿತ್ರ ಅಂಟಿಸಿರುವ ಹಲಗೆ 3, ಹಿಂಬದಿಯ ಹಲಗೆ 3, ಒಟ್ಟು 12.5 ಮಿ.ಮೀ. ಉಳಿದ ಜಾಗ ಮೊಳೆಗಳಿಗೆ. ಚಿತ್ರದ ಹಲಗೆಯ ದಪ್ಪವನ್ನು ನಿಮ್ಮ ಕೈಯಿಂದಲೇ ಅಳೆದು ಈ ಲೆಕ್ಕವನ್ನು ತಿದ್ದಿಕೊಳ್ಳಿ.

ಉದ್ದದ ಲೆಕ್ಕ ಹೀಗೆ. ಸುತ್ತ ಸುಮಾರು 5 ಸೆಂ.ಮೀ. ಮೌಂಟ್ ಬಿಟ್ಟರೆ ಗಾಜಿನ ಅಳತೆ 400 × 500 ಮಿ.ಮೀ. ಆಗುತ್ತದೆ. ಮರದ ಚಲನೆಗೆಂದು 3 ಮಿ.ಮೀ. ಸೇರಿಸಿ, ರೀಪಿನ ಅಗಲದಿಂದ ರಿಬೇಟಿನ ಅಗಲ ಕಳೆದರೆ 24, ಎರಡು ಬದಿಗೆ 48. ಹೀಗೆ ಹೊರ ಅಂಚಿನ ಉದ್ದ 451 ಮತ್ತು 551 ಮಿ.ಮೀ. ನಾಲ್ಕೂ ಸೇರಿ ಎರಡು ಮೀಟರಿಗೆ ತುಸು ಹೆಚ್ಚು. 8 ಅಡಿ ಉದ್ದದ ರೀಪು ಕೊಂಡರೆ ಕೊಯ್ತದ ನಷ್ಟಕ್ಕೂ ಸಾಕು. ನಾಲ್ಕೂ ತುಂಡುಗಳ ಒಂದು ತುದಿಯನ್ನು ಮೊದಲು ಕೀಸಿ ಮುಗಿಸಿ, ಅನಂತರ ಎರಡನೆಯ ತುದಿಗೆ ಬನ್ನಿ. ಎರಡನೆಯ ತುದಿಯಲ್ಲಿ ಅಳತೆಪಟ್ಟಿಯನ್ನು ಪ್ರತಿ ಜೋಡಿಗೆ ಒಮ್ಮೆ ಮಾತ್ರ ಬಳಸಿ. ಜೋಡಿಯ ಎರಡನೆಯ ತುಂಡನ್ನು ಮೊದಲನೆಯದರ ಬೆನ್ನಿಗೆ ಬೆನ್ನು ಒತ್ತಿ ನಿಲ್ಲಿಸಿ, ಬೆರಳಿನಿಂದ ತುದಿಗಳನ್ನು ಸವರಿ ನೋಡುತ್ತ ಸಮವಾಗುವವರೆಗೆ ಕೀಸಿ. ಒಂದು ಮಿ.ಮೀ.ನ ಹತ್ತನೆಯ ಭಾಗದ ವ್ಯತ್ಯಾಸವನ್ನೂ ಬೆರಳು ಹೇಳುತ್ತದೆ, ಅಳತೆಪಟ್ಟಿ ಹೇಳುವುದಿಲ್ಲ.

ಅಂಟಿಗೆ ಮಾಮೂಲಿ ಫೆವಿಕಾಲ್ ಸಾಕು. ಆದರೆ ಓರೆ ತುದಿಗಳಲ್ಲಿ ಮರದ ನಾಳಗಳು ತೆರೆದುಕೊಂಡಿರುವುದರಿಂದ ಅವು ಅಂಟನ್ನು ಹೀರಿ ಸಂದನ್ನು ಬರಡಾಗಿಸುತ್ತವೆ. ಸ್ವಲ್ಪ ನೀರು ಬೆರೆಸಿದ ಅಂಟನ್ನು ಮೊದಲು ಹಚ್ಚಿ ಕೆಲವು ನಿಮಿಷ ಬಿಟ್ಟು, ಆಮೇಲೆ ಗಟ್ಟಿ ಅಂಟನ್ನು ಹಚ್ಚಬೇಕು. ವಿಶೇಷ ಕ್ಲಾಂಪು ಬೇಕಿಲ್ಲ. ಲಂಬಕೋನದ ಕಚ್ಚು ತೆಗೆದ ನಾಲ್ಕು ಮರದ ಚೂರುಗಳನ್ನು ಮೂಲೆಗಳಿಗೆ ಕೊಟ್ಟು, ಸುತ್ತಲೂ ನೈಲಾನ್ ಹಗ್ಗ ಎರಡು ಸುತ್ತು ಕಟ್ಟಿ, ನಡುವೆ ಒಂದು ಕಡ್ಡಿ ಸಿಕ್ಕಿಸಿ ತಿರುಚಿದರೆ ನಾಲ್ಕೂ ಮೂಲೆಗಳಿಗೆ ಸಮನಾದ ಒತ್ತಡ ಸಿಗುತ್ತದೆ. ತಕ್ಷಣವೇ ಎರಡು ಕರ್ಣಗಳನ್ನು ಅಳೆಯಿರಿ. ಅವು ಸಮವಿಲ್ಲದಿದ್ದರೆ ಉದ್ದದ ಕರ್ಣದ ದಿಕ್ಕಿನಲ್ಲಿ ಮೆಲ್ಲಗೆ ಒತ್ತಿ ಸರಿಪಡಿಸಿ. ಮರುದಿನ ಪ್ರತಿ ಮೂಲೆಯ ಹೊರ ತುದಿಗೆ ಅಡ್ಡಲಾಗಿ ಕೈಗರಗಸದಿಂದ ಒಂದೆರಡು ಸೀಳು ಹಾಕಿ, ಅದರಲ್ಲಿ ತೆಳು ಚಕ್ಕೆಗಳನ್ನು ಅಂಟಿಸಿ ಕೂರಿಸಿ. ಚಕ್ಕೆಯ ಎಳೆ ಸಂದನ್ನು ಅಡ್ಡ ಹಾಯುವಂತಿರಬೇಕು. ಉದ್ದಕ್ಕೆ ಇದ್ದರೆ ಅದು ಬೆರಳಿಗೆ ಮುರಿಯುತ್ತದೆ. ಕಟ್ಟು ಹಾಕುವ ಅಂಗಡಿಗಳಲ್ಲಿ ಹಿಂದಿನಿಂದ ಹೊಡೆಯುವ ವಿ ಆಕಾರದ ಮೊಳೆಗಿಂತ ಇದು ಗಟ್ಟಿ ಎಂಬುದು ನನ್ನ ನಂಬಿಕೆ.

ಪಾಲಿಶಿಗೆ ಸ್ಪಿರಿಟ್ಟಿನಲ್ಲಿ ಕರಗಿಸಿದ ಅರಗು ನನಗೆ ಇಷ್ಟ, ಏಕೆಂದರೆ ಬೇಗ ಒಣಗುತ್ತದೆ ಮತ್ತು ಚಿನ್ನದ ಪಕ್ಕದಲ್ಲಿ ಅತಿಯಾಗಿ ಹೊಳೆಯುವುದಿಲ್ಲ. ಮಳೆ ಹಿಡಿದ ದಿನ ಹಚ್ಚಿದರೆ ಬಿಳಿ ಮಂಕು ಕವಿಯುತ್ತದೆ, ಬಿಸಿಲಿಗೆ ಕಾಯಿರಿ. ಅಗಸೆ ಎಣ್ಣೆ ಬಳಸುವುದಾದರೆ ಒರೆಸಿದ ಬಟ್ಟೆಗಳನ್ನು ಮುದ್ದೆ ಮಾಡಿ ಎಸೆಯಬೇಡಿ. ಅವು ಒಣಗುವಾಗ ತಾವೇ ಬಿಸಿಯಾಗಿ ಹೊತ್ತಿಕೊಳ್ಳಬಲ್ಲವು, ಹೊರಗೆ ಬಿಡಿಸಿ ಹರಡಿ ಒಣಗಿಸಬೇಕು.

ಚಿತ್ರವನ್ನು ಕೂರಿಸುವಾಗ ಸೆಲ್ಲೊಟೇಪನ್ನು ಅದರ ಹತ್ತಿರವೂ ತರಬೇಡಿ. ಆಮ್ಲರಹಿತ ಕಾಗದವನ್ನು ಮಡಚಿ ನಾಲ್ಕು ಮೂಲೆಗೆ ಜೇಬುಗಳನ್ನು ಮಾಡಿ, ಅಂಟನ್ನು ಕೇವಲ ಜೇಬಿಗೆ ಹಚ್ಚಿ ಹಿಂದಿನ ಹಲಗೆಗೆ ಅಂಟಿಸಿದರೆ ಚಿತ್ರಕ್ಕೆ ಅಂಟು ಮುಟ್ಟುವುದೇ ಇಲ್ಲ. ಮೌಂಟ್ ಬೋರ್ಡ್ ಕೂಡ ಆಮ್ಲರಹಿತವೇ ಆಗಿರಲಿ. ಅಗ್ಗದ್ದು ಕೆಲವೇ ವರ್ಷಗಳಲ್ಲಿ ಕೊಯ್ದ ಅಂಚಿನಲ್ಲಿ ಕಂದಾಗುತ್ತದೆ. ಹಿಂಬದಿಗೆ ಎಂಡಿಎಫ್, ಅಂದರೆ ಮರದ ನಾರನ್ನು ಒತ್ತಿ ಮಾಡಿದ ಹಲಗೆ, ಹಾಕುವವರು ನಡುವೆ ಇದೇ ಕಾಗದದ ಒಂದು ಹಾಳೆಯನ್ನಿಡಬೇಕು. ಸುತ್ತಲಿನ ಸಂದನ್ನು ಕಾಗದದ ಪಟ್ಟಿಯಿಂದ ಮುಚ್ಚಿದರೆ ಧೂಳು ಮತ್ತು ಬೆಳ್ಳಿಹುಳು ಒಳಗೆ ಹೋಗುವುದಿಲ್ಲ.

ಗಾಜನ್ನು ಅಂಗಡಿಯಲ್ಲಿಯೇ ಕೊಯ್ಯಿಸಿ. ಈ ಅಳತೆಯ 2 ಮಿ.ಮೀ. ಗಾಜು ಒಂದು ಕಿಲೋ ತೂಗುತ್ತದೆ, ಮರವೂ ಸೇರಿದರೆ ಒಂದೇ ಮೊಳೆಗೆ ನೇತು ಹಾಕುವ ವಸ್ತುವಲ್ಲ. ಮೇಲಿನಿಂದ ಮೂರನೆಯ ಒಂದು ಭಾಗ ಕೆಳಗೆ ಎರಡೂ ಬದಿಗೆ ಡಿ ಬಳೆಗಳನ್ನು ತಿರುಪಿ ತಂತಿ ಕಟ್ಟಿ, ಗೋಡೆಯಲ್ಲಿ ಪ್ಲಗ್ ಹಾಕಿದ ಎರಡು ತಿರುಪುಗಳ ಮೇಲೆ ಕೂರಿಸಿ. ಗಜಲಕ್ಷ್ಮಿಯಾದ್ದರಿಂದ ದೇವರ ಕೋಣೆಯಲ್ಲಿ ಇಡುವ ಮನಸ್ಸಿರಬಹುದು. ಹಾಗಿದ್ದರೆ ದೀಪ, ಕರ್ಪೂರಗಳ ನೇರ ಮೇಲ್ಭಾಗವನ್ನು ಬಿಟ್ಟು ಪಕ್ಕದ ಗೋಡೆಯನ್ನು ಆರಿಸಿ, ಮತ್ತು ಚೌಕಟ್ಟಿನ ಕೆಳಗಿನ ಎರಡು ಮೂಲೆಗಳ ಹಿಂದೆ ರಬ್ಬರ್ ಬಿಲ್ಲೆಗಳನ್ನು ಅಂಟಿಸಿ, ಮಳೆಗಾಲದಲ್ಲಿ ಗೋಡೆಗೂ ಹಲಗೆಗೂ ನಡುವೆ ಗಾಳಿ ಆಡಲು ಅಷ್ಟು ಅಂತರ ಸಾಕಾಗುತ್ತದೆ.