ಹಸಿ ಜೋಳಕ್ಕೂ ಒಣ ಜೋಳಕ್ಕೂ ಒಂದೇ ರೇಟು

ಸಮಾಜವಾದ ದುಡ್ಡಿನ ಲೆಕ್ಕದಲ್ಲಿ ನಿಲ್ಲುತ್ತಾ, ಇಲ್ಲ ಮಾರುಕಟ್ಟೆಯೇ ಗತಿಯಾ ಅಂತ ಕೇಳಿದ್ದೀರಿ. ನಾವು ಮಾಡಿ ನೋಡಿದ್ದೇವೆ. ದಾವಣಗೆರೆ ಒಂದು ಕಾಲಕ್ಕೆ ಹತ್ತಿ ಗಿರಣಿಗಳ ಊರು, ಕಮ್ಯುನಿಸ್ಟ್ ಪಕ್ಷದ ಪಂಪಾಪತಿಯವರನ್ನು ಗೆಲ್ಲಿಸಿದ ಊರು. ಕೆಂಪು ಬಾವುಟ ನೋಡುತ್ತಲೇ ಬೆಳೆದವನು ನಾನು. ಜಗಳೂರು ಕಡೆ ಮೆಕ್ಕೆಜೋಳದ ರೈತರ ಗುಂಪು ಕಟ್ಟಿದೆವು. ದಲ್ಲಾಳಿ ಬೇಡ, ಎಲ್ಲರ ಮಾಲೂ ಒಂದೇ ಗೋಡೌನಿಗೆ, ಲಾಭ ಎಲ್ಲರಿಗೂ.

ಕೆಟ್ಟಿದ್ದು ಒಂದೇ ಕಡೆ. ಕ್ವಿಂಟಲ್‌ಗೆ ಎಲ್ಲರಿಗೂ ಒಂದೇ ರೇಟು ಅಂತ ಹಠ ಹಿಡಿದು ಬರೆಸಿದವನು ನಾನು. ಬಡವರಿಗೆ ಕಣ ಇರಲ್ಲ, ಟಾರು ರಸ್ತೆ ಮೇಲೆ ಒಣಗಿಸುತ್ತಾರೆ. ಅವರಿಗೆ ಕಮ್ಮಿ ಕೊಡೋದು ಅನ್ಯಾಯ ಅನ್ನಿಸಿತ್ತು. ಆದರೆ ಮೆಕ್ಕೆಜೋಳದಲ್ಲಿ ತೇವ ಶೇ. 14 ದಾಟಬಾರದು. ದಿನಗಟ್ಟಲೆ ಹರವಿ, ಕಾಲಲ್ಲಿ ತಿರುವಿ, ಮೋಡ ಕಂಡರೆ ತಾಡಪಾಲು ಹೊದಿಸಿ ಒಣಗಿಸಿದರೆ ತೂಕ ಇಳಿಯುತ್ತೆ. ಹಸಿಯಾಗೇ ತಂದರೆ ನೀರಿಗೂ ದುಡ್ಡು. ಹಾಗಿದ್ದ ಮೇಲೆ ಯಾರು ಒಣಗಿಸುತ್ತಾರೆ? ಮೊದಲು ಒಂದಿಬ್ಬರು ಹಸಿ ತಂದರು. ಅವರನ್ನು ನೋಡಿ ಉಳಿದವರೂ ಒಣಗಿಸೋದು ಬಿಟ್ಟರು. ರಾಶಿಯೊಳಗೆ ಕೈ ಹಾಕಿದರೆ ಬಿಸಿ, ಕಾಳಿನ ಮೂತಿಗೆ ಹಸಿರು ಬೂಸ್ಟು. ಕೋಳಿ ಫೀಡಿನವರು ಲಾರಿ ವಾಪಸ್ ಕಳಿಸಿದರು. ಗುಂಪು ಅಲ್ಲಿಗೇ ಮುಗಿಯಿತು. ಆ ಜನ ಕಳ್ಳರಲ್ಲ. ಒಣಗಿಸಬೇಡಿ ಅಂತ ನನ್ನ ರೇಟೇ ಅವರಿಗೆ ಹೇಳುತ್ತಿತ್ತು.

ಸೋವಿಯತ್ ಒಕ್ಕೂಟದಲ್ಲಿ ಆಗಿದ್ದೂ ಇದೇ. ಬ್ರೆಡ್ಡಿನ ಬೆಲೆಯನ್ನು ಸರ್ಕಾರ ಎಷ್ಟು ಕೆಳಗೆ ಇಟ್ಟಿತ್ತು ಅಂದರೆ, ಜನ ಅಂಗಡಿಯ ಬ್ರೆಡ್ಡನ್ನೇ ತಂದು ದನಕ್ಕೆ, ಹಂದಿಗೆ ಹಾಕುತ್ತಿದ್ದರು. ಬೆಲೆ ಇಲ್ಲದೆ ಲೆಕ್ಕ ಹಾಕೋಕೆ ಆಗಲ್ಲ ಅಂತ ಅರ್ಥಶಾಸ್ತ್ರಜ್ಞ ಲುಡ್ವಿಗ್ ಮೀಸಸ್ 1920ರಲ್ಲೇ ಬರೆದಿದ್ದರು. ಅಷ್ಟು ನಿಜ. ಅದಕ್ಕೇ ಸಮಾಜವಾದವೇ ಆಗಲ್ಲ ಅಂದರು ನೋಡಿ, ಅದನ್ನು ನಾನು ಒಪ್ಪಲ್ಲ.

1946ರಲ್ಲಿ ಗುಜರಾತಿನ ಖೇಡಾದಲ್ಲಿ ರೈತರು ಕಟ್ಟಿದ ಹಾಲಿನ ಸಂಘವೇ ಇವತ್ತಿನ ಅಮುಲ್. ಒಂದು ಎಮ್ಮೆ ಇದ್ದವರಿಗೂ ಹತ್ತು ಇದ್ದವರಿಗೂ ಒಂದೇ ಓಟು. ಹಾಲಿಗೆ ಮಾತ್ರ ಫ್ಯಾಟ್ ನೋಡಿ ದುಡ್ಡು. ನಮ್ಮೂರಿನ ಡೈರಿಯಲ್ಲೂ ಹಾಗೇ ಅಲ್ವಾ?

ಅದಕ್ಕೇ ಸಮಾಜವಾದವೋ ಮಾರುಕಟ್ಟೆಯೋ ಅನ್ನೋ ನಿಮ್ಮ ಪ್ರಶ್ನೆಯೇ ಸರಿಯಿಲ್ಲ. ಒಡೆತನ ಹಂಚಿಕೊಳ್ಳಿ, ಲಾಭ ಹಂಚಿಕೊಳ್ಳಿ. ರೇಟು ಮಾತ್ರ ಮಾಲು ನೋಡಿ ಕಟ್ಟಿ. ಬಡವರಿಗೆ ರೇಟಿನಲ್ಲಿ ಜಾಸ್ತಿ ಕೊಡೋ ಬದಲು ಸಂಘದ ದುಡ್ಡಲ್ಲಿ ಎಲ್ಲರಿಗೂ ಒಂದು ಸಿಮೆಂಟ್ ಕಣ ಹಾಕಿಸಿ.